ಮೂಡಲಗಿಯ ಸೊನ್ನೆ

ಸಾವಿರದ ಒಂಬೈನೂರಾ ಅರವತ್ತರ ಬೇಸಗೆಯಲ್ಲಿ ಗೋಕಾಕದ ಒಂದು ಸಾಲೆಯ ಕೋಣೆಯಲ್ಲಿ ಆರೋಗ್ಯ ಖಾತೆಯವರ ಸಭೆ ಸೇರಿತ್ತು. ಸಾಲೆಗೆ ಸೂಟಿ ಇದ್ದದ್ದರಿಂದ ಡಾಕ್ಟರರೂ ಇನ್ಸ್‌ಪೆಕ್ಟರರೂ ಮಕ್ಕಳ ಬೆಂಚುಗಳಲ್ಲೇ ಮೊಣಕಾಲು ಮಡಚಿಕೊಂಡು ಕುಳಿತಿದ್ದರು. ಜಿಲ್ಲೆಯಿಂದ ಬಂದ ದೊಡ್ಡ ಸಾಹೇಬರು ಕರಿಹಲಗೆಯ ಮೇಲೆ ಮೂರು ಹೆಸರು ಬರೆದರು. ಹುಕ್ಕೇರಿ, ಗೋಕಾಕ, ಮೂಡಲಗಿ. ಮೂಡಲಗಿ ಆಗ ಗೋಕಾಕ ತಾಲೂಕಿಗೇ ಸೇರಿದ್ದರೂ, ದವಾಖಾನೆ ಬೇರೆ ಇದ್ದುದರಿಂದ ಆ ಸುತ್ತಿನ ಹಳ್ಳಿಗಳ ಲೆಕ್ಕವನ್ನು ಬೇರೆಯಾಗಿಯೇ ಇಡುತ್ತಿದ್ದರು.

ವಿಷಯ ಕ್ಯಾನ್ಸರ್. ಬಾಯಿಯಲ್ಲಿ, ಗಂಟಲಲ್ಲಿ ಹುಣ್ಣಾಗಿ ಬರುವ ಈ ರೋಗ ಯಾವ ಭಾಗದಲ್ಲಿ ಹೆಚ್ಚು, ಯಾವ ಭಾಗದಲ್ಲಿ ಕಡಿಮೆ ಎಂದು ಮೇಲಿನಿಂದ ಕೇಳಿದ್ದರು. ಸಾಹೇಬರು ಹಳೇ ಮೈಸೂರಿನ ಕಡೆಯವರು, ತಿಳಿಯಾಗಿ ಬಿಡಿಸಿ ಹೇಳುವ ಮನುಷ್ಯ. ಬರೀ ರೋಗಿಗಳನ್ನು ಎಣಿಸಿದರೆ ಸಾಲದು, ದೊಡ್ಡ ತಾಲೂಕಿನಲ್ಲಿ ಜನ ಹೆಚ್ಚು, ಹಾಗಾಗಿ ಲಕ್ಷ ಜನಕ್ಕೆ ಎಷ್ಟು ಎಂದು ನೋಡಿದರೆ ಮಾತ್ರ ಒಂದು ಊರನ್ನು ಇನ್ನೊಂದರ ಜೊತೆ ಹೋಲಿಸಬಹುದು ಎಂದು ವಿವರಿಸಿದರು. ಆಮೇಲೆ ಹೆಸರುಗಳ ಮುಂದೆ ಅಂಕಿ ಬರೆದರು. ಹುಕ್ಕೇರಿಯದು ಎಲ್ಲಕ್ಕಿಂತ ಹೆಚ್ಚಿತ್ತು. ಗೋಕಾಕದ್ದು ಅದರ ಕಾಲು ಭಾಗವೂ ಇರಲಿಲ್ಲ. ಮೂಡಲಗಿಯ ಮುಂದೆ ಅವರು ದುಂಡಗೆ ಒಂದು ಸೊನ್ನೆ ಬರೆದು, ಸೀಮೆಸುಣ್ಣದ ಕೈ ಝಾಡಿಸಿಕೊಂಡರು.

ಮೂಡಲಗಿಯ ಡಾಕ್ಟರ್ ಗುರುಲಿಂಗಪ್ಪನವರನ್ನು ಎದ್ದು ನಿಲ್ಲಿಸಿ ಸಾಹೇಬರು ಹೊಗಳಿದರು. ಎಲ್ಲರೂ ಚಪ್ಪಾಳೆ ಹೊಡೆದರು. ದಸರೆ ಮುಗಿದ ಮೇಲೆ ಮುಂಬಯಿಯಿಂದ ದೊಡ್ಡ ಡಾಕ್ಟರರ ತಂಡವೊಂದು ಬರುತ್ತದೆ, ಬಾಯಿ ಪರೀಕ್ಷೆ ಮಾಡುತ್ತದೆ, ಬೇಕಾದವರಿಗೆ ಪುಕ್ಕಟೆ ಆಪರೇಶನ್ ಮಾಡಿಸುತ್ತದೆ ಎಂದು ತಿಳಿಸಿದರು. ಎಲ್ಲಿ ರೋಗ ಹೆಚ್ಚೋ ಅಲ್ಲಿಗೇ ತಂಡ ಹೋಗುವುದು ನ್ಯಾಯ, ಅಂದರೆ ಹುಕ್ಕೇರಿಗೆ. ರೋಗವೇ ಇಲ್ಲದ ಮೂಡಲಗಿಗೆ ಅದರ ಅಗತ್ಯವಿಲ್ಲ.

ಹಿಂದಿನ ಬೆಂಚಿನಲ್ಲಿದ್ದ ಹುಕ್ಕೇರಿಯ ಸ್ಯಾನಿಟರಿ ಇನ್ಸ್‌ಪೆಕ್ಟರ್ ಕೇದಾರಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ. ಅವನ ಹುಟ್ಟೂರು ನಾಗನೂರ, ಮೂಡಲಗಿಯ ಲೆಕ್ಕಕ್ಕೆ ಸೇರಿದ ಹಳ್ಳಿ. ಊರ ಹೊರಗಿನ ಕೇರಿಯಲ್ಲಿ ಅವನ ಅಕ್ಕ ರಾಯವ್ವ ಇದ್ದಳು. ತಾಯಿ ಸತ್ತಾಗ ಕೇದಾರಿ ಇನ್ನೂ ತೊದಲುವ ಕೂಸು. ಅಕ್ಕ ಮಂದಿಯ ಹೊಲದಲ್ಲಿ ಕಸ ತೆಗೆದು, ಶೇಂಗಾ ಕಿತ್ತು, ಅವನನ್ನು ಸಾಲೆಗೆ ಕಳಿಸಿದ್ದಳು. ಬೆಳಗಾವಿಯ ಬೋರ್ಡಿಂಗಿನಲ್ಲಿ ಓದಿ, ಪುಣೆಯಲ್ಲಿ ತರಬೇತಿ ಮುಗಿಸಿ, ಖಾಕಿ ಟೊಪ್ಪಿಗೆ ಹಾಕಿಕೊಂಡು ಅವನು ಮೊದಲ ಸಲ ಕೇರಿಗೆ ಬಂದಾಗ ಅವಳು ಅವನ ಮುಖಕ್ಕೆ ದೃಷ್ಟಿ ತೆಗೆದಿದ್ದಳು. ಹುಕ್ಕೇರಿಯಲ್ಲಿ ವಾರಕ್ಕೊಬ್ಬರಾದರೂ ಬಾಯಿಹುಣ್ಣಿನವರನ್ನು ನೋಡುತ್ತಿದ್ದ ಕೇದಾರಿಗೆ, ತನ್ನ ಅಕ್ಕ ಇರುವ ಸೀಮೆಯಲ್ಲಿ ಆ ಪೀಡೆ ಇಲ್ಲ ಎಂಬುದು ತಂಪು ಸುದ್ದಿಯಾಯಿತು. ಸಭೆ ಮುಗಿದ ಕೂಡಲೇ ಪೇಟೆಯಲ್ಲಿ ಒಂದು ಪೊಟ್ಟಣ ಕರದಂಟು ಕಟ್ಟಿಸಿಕೊಂಡು ಮೂಡಲಗಿಯ ಬಸ್ಸು ಹತ್ತಿದ.

ರಾಯವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಮ್ಮನನ್ನು ನೋಡಿ ಎದ್ದಳು, ಆದರೆ ಸೆರಗನ್ನು ಬಾಯಿಂದ ಸರಿಸಲಿಲ್ಲ. ದೀಪಾವಳಿಗೆ ಬಂದಾಗಲೂ ಹೀಗೇ ಸೆರಗು ಹಿಡಿದು ಹಲ್ಲುಬೇನೆ ಎಂದಿದ್ದಳು. ಕರದಂಟಿನ ತುಣುಕನ್ನು ಅವನು ಕೈಗೆ ಕೊಟ್ಟರೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಕರದಂಟು ಎಂದರೆ ಜೀವ ಬಿಡುತ್ತಿದ್ದ ಹೆಂಗಸು. ಕೇದಾರಿಗೆ ಏನೋ ಸರಿಯಿಲ್ಲ ಎನಿಸಿತು. ತಿನ್ನು ಎಂದು ಒತ್ತಾಯ ಮಾಡಿದ. ಅವಳು ಆಮೇಲೆ ಎಂದಳು. ಆ ಒಂದು ಮಾತು ಆಡುವಾಗಲೂ ಹಲ್ಲು ಒಂದರಿಂದೊಂದು ಅಗಲಲಿಲ್ಲ.

ಅವನು ಸೆರಗು ಸರಿಸಿದ. ಎಡಗೆನ್ನೆ ಉಬ್ಬಿ ಬಿಗಿದುಕೊಂಡಿತ್ತು, ದವಡೆಯ ಕೆಳಗೆ ಗಂಟು. ವಾಸನೆಯೇ ಎಲ್ಲವನ್ನೂ ಹೇಳಿತು. ಹುಕ್ಕೇರಿಯ ದವಾಖಾನೆಯ ಕಟ್ಟೆಯ ಮೇಲೆ ಅದೇ ವಾಸನೆಯ ಪಕ್ಕದಲ್ಲಿ ಅವನು ಎಷ್ಟೋ ಸಲ ಕುಳಿತಿದ್ದ.

"ದವಾಖಾನಿಗೆ ಹೋಗಿದ್ದಿಲ್ಲೇನ ಅಕ್ಕ?" ಎಂದು ಕೇಳಿದ.

ಹೋಗದೆ ಏನು? ಹೋದ ಚಳಿಗಾಲದಿಂದ ಮೂಡಲಗಿಯ ಧರ್ಮದವಾಖಾನೆಗೆ ನಡೆದು ನಡೆದು ಅವಳ ಕಾಲು ಸವೆದಿದ್ದವು. ಸರ್ಕಾರದ ಸಹಾಯಧನದಲ್ಲಿ, ಪೇಟೆಯ ವರ್ತಕರ ಕಮಿಟಿಯ ಕೈಯಲ್ಲಿ ನಡೆಯುತ್ತಿದ್ದ ಆ ದವಾಖಾನೆಯ ಮುಂದೆ ಒಂದು ದೊಡ್ಡ ಬಸರಿಗಿಡವಿತ್ತು. ಊರಿನವರು ಒಳಗಿನ ಬೆಂಚಿನಲ್ಲಿ ಕೂರುತ್ತಿದ್ದರು, ಕೇರಿಯವರು ಬಸರಿಗಿಡದ ಕೆಳಗೆ ನಿಲ್ಲುತ್ತಿದ್ದರು. ಒಳಗಿನವರದೆಲ್ಲ ಮುಗಿದ ಮೇಲೆ ಡಾಕ್ಟರು ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ಏನಾಗಿದೆ ಎಂದು ಅಲ್ಲಿಂದಲೇ ಕೇಳುತ್ತಿದ್ದರು. ಬಾಯಿಹುಣ್ಣು ಎಂದರೆ ಕಂಪೌಂಡರು ಹೊರಗೆ ಬಂದು ಕೆಂಪು ನೀರನ್ನು ಇವರ ಬಾಟಲಿಗೆ ಮೇಲಿನಿಂದ ಸುರಿಯುತ್ತಿದ್ದ, ಮುಕ್ಕಳಿಸು ಎನ್ನುತ್ತಿದ್ದ.

"ಬಾಯಿ ತಗಿ, ನೋಡತೇನಿ ಅಂತ ಒಮ್ಮೆರೆ ಅನ್ನಲಿಲ್ಲ ತಮ್ಮಾ," ಎಂದಳು ರಾಯವ್ವ. ಅದನ್ನು ದೂರಿನಂತೆ ಹೇಳಲಿಲ್ಲ. ಈ ಸಲ ಮಳೆ ತಡವಾಯಿತು ಎನ್ನುವ ಹಾಗೆ ಹೇಳಿದಳು.

ಅಷ್ಟರಲ್ಲಿ ಬಾಜೂ ಮನೆಯ ಅಲ್ಲವ್ವ ಬಂದಳು. ಜೋರಾಗಿ ಮಾತಾಡುವ ಗಟ್ಟಿ ಹೆಂಗಸು, ಅವಳ ನಾಲಗೆಯ ಅಂಚಿನಲ್ಲೂ ವಾಸಿಯಾಗದ ಒಂದು ಹುಣ್ಣು. ಅವಳಿಂದಲೇ ಉಳಿದದ್ದೆಲ್ಲ ಹೊರಬಿತ್ತು. ಕೇರಿಯ ಹೆಂಗಸರೆಲ್ಲ ತಂಬಾಕು ಹಂಚಿನ ಮೇಲೆ ಹುರಿದು, ಪುಡಿ ಮಾಡಿ, ಆ ಮಿಶ್ರಿಯನ್ನು ಒಸಡಿಗೆ ತಿಕ್ಕುವವರೇ. ಕೂಲಿಯಲ್ಲಿ ಹಸಿವು ಮರೆಯಲು ಅದೊಂದು ಆಸರೆ. ಹೋದ ವರ್ಷ ಗಂಟಲು ಕಟ್ಟಿ ಯಲ್ಲಾರಿ ಸತ್ತಿದ್ದ, ದವಡೆ ಕೊಳೆತು ಸಾತವ್ವ ಸತ್ತಿದ್ದಳು. ಊರ ಚಾವಡಿಯಲ್ಲಿ ಒಬ್ಬನ ಸಾವನ್ನು ಜ್ವರ ಎಂದೂ ಇನ್ನೊಬ್ಬಳದನ್ನು ಮುಪ್ಪು ಎಂದೂ ಬರೆಸಿದ್ದರು. ಸಾತವ್ವನ ಕೊನೆಯ ಮಗು ಇನ್ನೂ ಹಾಲು ಬಿಟ್ಟಿರಲಿಲ್ಲ.

ಕೇದಾರಿಗೆ ಗೋಕಾಕದ ಕರಿಹಲಗೆ ನೆನಪಾಯಿತು. ಚಪ್ಪಾಳೆ ಹೊಡೆದ ತನ್ನ ಎರಡು ಅಂಗೈಗಳನ್ನು ಎಲ್ಲಿಡಬೇಕೋ ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡು ಕುಳಿತ.

ಮರುದಿನ ಮುಂಜಾನೆ ಅಕ್ಕನನ್ನು ಕರೆದುಕೊಂಡು ಅವನು ಮೂಡಲಗಿಯ ದವಾಖಾನೆಗೆ ಹೋದ. ಗುರುಲಿಂಗಪ್ಪ ಅವನ ಖಾಕಿ ಟೊಪ್ಪಿಗೆ ನೋಡಿ, "ಬರ್ರಿ ಇನ್ಸ್‌ಪೆಕ್ಟರ, ಕೂಡ್ರಿ" ಎಂದು ಎದುರಿನ ಕುರ್ಚಿ ತೋರಿಸಿದರು. ರಾಯವ್ವ ತನ್ನಷ್ಟಕ್ಕೆ ತಾನೇ ಬಸರಿಗಿಡದ ಕೆಳಗೆ ನಿಂತುಬಿಟ್ಟಿದ್ದಳು. ಕೇದಾರಿ ಕುರ್ಚಿಯಲ್ಲಿ ಕೂರದೆ ಹೊರಗೆ ಹೋಗಿ, ಅಕ್ಕನ ಕೈ ಹಿಡಿದು ಒಳಗೆ ತಂದು, ಆ ಕುರ್ಚಿಯಲ್ಲಿ ಅವಳನ್ನು ಕೂರಿಸಿದ. ಅವಳು ಕುರ್ಚಿಯ ಅಂಚಿಗಷ್ಟೇ ಕುಳಿತಳು. ಬೆಂಚಿನ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು.

"ಇಕಿ ಬಾಯಿ ನೋಡ್ರಿ," ಎಂದ.

ಗುರುಲಿಂಗಪ್ಪ ಕೆಟ್ಟ ಮನುಷ್ಯನೇನಲ್ಲ ಎಂದು ಊರಲ್ಲಿ ಹೆಸರಿತ್ತು. ಬಡವರ ಕಾಸು ಮುಟ್ಟುತ್ತಿರಲಿಲ್ಲ, ಯಾರ ಮೇಲೂ ಕೂಗಾಡುತ್ತಿರಲಿಲ್ಲ. ಕೇರಿಯವರನ್ನು ಮುಟ್ಟದೇ ಇರುವುದು ಅವರಿಗೆ ಉಸಿರಾಡಿದಷ್ಟು ಸಹಜವಾಗಿತ್ತು, ಅಷ್ಟೇ. ಈಗ ಬ್ಯಾಟರಿ ಹಿಡಿದು ದೂರದಿಂದಲೇ ಬಗ್ಗಿದರು. ರಾಯವ್ವ ತೆರೆದಷ್ಟು ಬಾಯೊಳಗೆ ಬೆಳಕು ಬಿದ್ದೊಡನೆ ಅವರ ಮುಖದ ಬಣ್ಣ ಹೋಯಿತು. ಸ್ವಲ್ಪ ಹೊತ್ತು ಬ್ಯಾಟರಿ ಆರಿಸುವುದನ್ನೇ ಮರೆತರು. ಆಮೇಲೆ ಮೇಜಿಗೆ ಮರಳಿ, ಈ ಜನ ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಮಿತಿ ಮೀರಿದ ಮೇಲೆ ಬರುತ್ತಾರೆ ಎಂದರು.

ಚಳಿಗಾಲದಿಂದ ಬರುತ್ತಿದ್ದಾಳೆ ಎಂದು ಕೇದಾರಿ ಹೇಳಿದ. ರೋಗ ಏನೆಂದು ದಾಖಲೆ ಮಾಡಿ ಎಂದು ಕೇಳಿದ. ಮಾಂಸದ ಚೂರು ತೆಗೆದು ಪರೀಕ್ಷೆಗೆ ಕಳಿಸದೆ ಕ್ಯಾನ್ಸರ್ ಎಂದು ಹೇಗೆ ಬರೆಯಲಿ, ಆ ಸಲಕರಣೆ ತಮ್ಮಲ್ಲಿಲ್ಲ ಎಂದರು. ಹಾಗಾದರೆ ಇಲ್ಲ ಎಂದು ಹೇಗೆ ಬರೆದಿರಿ ಎಂದು ಕೇದಾರಿ ಕೇಳಿದಾಗ, ಅವರು ಬೆಂಚಿನ ಕಡೆ ತಿರುಗಿ ಮುಂದಿನವರನ್ನು ಕರೆದರು.

ಅಲ್ಲಿಂದ ಕೇದಾರಿ ಅಕ್ಕನನ್ನು ನೇರವಾಗಿ ಹುಕ್ಕೇರಿಗೆ ಕರೆತಂದ. ಅಲ್ಲಿನ ಡಾಕ್ಟರ್ ಶಿವಗಂಗವ್ವ ಅಂಕಲಗಿಯ ಲಿಂಗಾಯತ ವರ್ತಕರ ಮಗಳು. ಓದು ಮುಗಿಸಿ ಬಂದು ಇನ್ನೂ ಎರಡು ವರ್ಷವಾಗಿರಲಿಲ್ಲ. ತಲೆನೋವೆಂದು ಬರಲಿ, ಕಾಲಿಗೆ ಮುಳ್ಳು ಚುಚ್ಚಿತೆಂದು ಬರಲಿ, ತಂಬಾಕಿನ ಸೀಮೆಯವರಾದ್ದರಿಂದ ಪ್ರತಿಯೊಬ್ಬರಿಗೂ ಬಾಯಿ ತೆರೆ ಎನ್ನುವುದು ಅವಳ ಪದ್ಧತಿ. ಡಾಕ್ಟರಬಾಯಿ ಎನ್ನುವ ಬದಲು ಜನ ಹಿಂದಿನಿಂದ ಅವಳನ್ನು 'ಬಾಯಿ ನೋಡೋ ಬಾಯಿ' ಎಂದು ನಗುತ್ತಿದ್ದರು. ಅವಳು ರಾಯವ್ವನ ಗದ್ದ ಹಿಡಿದು, ಬೆರಳು ಒಳಗೆ ಹಾಕಿ, ಹುಣ್ಣಿನ ಅಂಚನ್ನು ಸಾವಕಾಶವಾಗಿ ಮುಟ್ಟಿ ನೋಡಿದಳು. ರಾಯವ್ವನ ಕಣ್ಣಲ್ಲಿ ನೀರು ಬಂತು. ನೋವಾಯಿತೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸಿದಳು.

ರಾಯವ್ವನನ್ನು ಹೊರಗೆ ಕೂರಿಸಿ ಬಂದ ಕೇದಾರಿಗೆ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದಳು. ರೋಗ ದವಡೆಯ ಎಲುಬಿಗೆ ಇಳಿದಿದೆ. ಮಿರಜದ ದೊಡ್ಡ ದವಾಖಾನೆಗೆ ಕಳಿಸೋಣ, ಕಿರಣದ ಚಿಕಿತ್ಸೆಯಿಂದ ನೋವಾದರೂ ಕಡಿಮೆಯಾಗಬಹುದು. ಚಳಿಗಾಲದಲ್ಲಿ ಬಂದಿದ್ದರೆ ಬೇರೆ ಮಾತಾಗುತ್ತಿತ್ತು.

ಕೇದಾರಿ ಸೊನ್ನೆಯ ಸುದ್ದಿ ಎತ್ತಿದ. ಶಿವಗಂಗವ್ವ ಆ ದಿನ ಸಭೆಗೆ ಬಂದಿರಲಿಲ್ಲ, ಹೆರಿಗೆಯೊಂದರಲ್ಲಿ ಸಿಕ್ಕಿಕೊಂಡಿದ್ದಳು. ಕೇಳುತ್ತ ಕೇಳುತ್ತ ಅವಳ ಹುಬ್ಬು ಗಂಟಿಕ್ಕಿತು. ಮೂಡಲಗಿ ಸೀಮೆಯಿಂದ ತನ್ನ ಬಳಿಗೆ ಜನ ಬರುತ್ತಲೇ ಇದ್ದಾರೆ, ಅಲ್ಲಿ ಬಸರಿಗಿಡದ ಕೆಳಗೆ ನಿಂತು ಸಾಕಾಗಿ ಇಲ್ಲಿಗೆ ಬರುತ್ತಾರೆ, ಅವರನ್ನೆಲ್ಲ ಇಲ್ಲಿ ನೋಡಿದ್ದರಿಂದ ಹುಕ್ಕೇರಿಯ ಲೆಕ್ಕಕ್ಕೇ ಹಾಕಿದ್ದಾರೆ ಎಂದಳು.

"ಹುಕ್ಕೇರ್ಯಾಗ ರೋಗ ಹೆಚ್ಚಿಲ್ಲ ಕೇದಾರಿಯವರ," ಎಂದಳು. "ಇಲ್ಲಿ ಬಾಯಿ ತಗಸಿ ನೋಡತೇವಿ. ಅಷ್ಟ ಫರಕ."

ಮಾರನೆಯ ವಾರ ಅಕ್ಕನನ್ನು ಮಿರಜಕ್ಕೆ ಬಿಟ್ಟು ಬಂದು, ಕೇದಾರಿ ಬೆಳಗಾವಿಗೆ ಹೋದ. ದೊಡ್ಡ ಸಾಹೇಬರು ಅವನನ್ನು ಮಧ್ಯಾಹ್ನದವರೆಗೆ ಕಾಯಿಸಿ ಒಳಗೆ ಕರೆದರು. ಅವನು ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿದರು. ರೋಗ ಯಾವ ದವಾಖಾನೆಯಲ್ಲಿ ಪತ್ತೆಯಾಯಿತೋ ಆ ತಾಲೂಕಿಗೆ ಸೇರಿಸುವುದು ನಿಯಮ ಎಂದರು. ಹೋಲಿಕೆಯ ಪಟ್ಟಿ ಆಗಲೇ ಬೆಂಗಳೂರಿಗೆ ಹೋಗಿದೆ, ಮೇಲಿನವರು ಮೆಚ್ಚಿದ್ದಾರೆ, ಈಗ ಅದನ್ನು ಕೆದಕಿದರೆ ಇಡೀ ಜಿಲ್ಲೆಯ ಮರ್ಯಾದೆ ಹೋಗುತ್ತದೆ.

"ಅಂದ್ರ ನೋಡಿದವ್ರ ಊರಾಗ ರೋಗ, ನೋಡದವ್ರ ಊರಾಗ ಆರೋಗ್ಯ. ಹಂಗೇನ್ರಿ?" ಎಂದ ಕೇದಾರಿ.

ಸಾಹೇಬರ ಮುಖ ಬಿಗಿಯಿತು. ಅಕ್ಕನಿಗೆ ಹುಷಾರಿಲ್ಲದ ದುಃಖದಲ್ಲಿ ಮಾತಾಡುತ್ತಿದ್ದೀರಿ ಎಂದು ಮೊದಲು ಸಂತೈಸಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಹೇಳಿದರು: "ನಿಮ್ಮ ಜನಕ್ಕೆ ಸರ್ಕಾರ ಓದು ಕೊಟ್ಟಿದೆ, ಕೆಲಸ ಕೊಟ್ಟಿದೆ. ಪ್ರತಿಯೊಂದಕ್ಕೂ ಜಾತಿ ತರಬೇಡಿ."

ಕೇದಾರಿ ಹೊರಗೆ ಬಂದು ಕಚೇರಿಯ ಮೆಟ್ಟಿಲ ಮೇಲೆ ನಿಂತ. ಜಾತಿಯನ್ನು ತಂದವನು ತಾನೇ? ಅಕ್ಕನನ್ನು ಗಿಡದ ಕೆಳಗೆ ನಿಲ್ಲಿಸಿದವನು ತಾನೇ? ಆರೋಗ್ಯದ ಲೆಕ್ಕದೊಳಕ್ಕೆ ಜಾತಿಯನ್ನು ಸೊನ್ನೆಯ ರೂಪದಲ್ಲಿ ಬರೆದು, ಚಪ್ಪಾಳೆ ಹೊಡೆಸಿ, ಬೆಂಗಳೂರಿಗೆ ಕಳಿಸಿದವರು ಯಾರು? ಅದನ್ನು ಕಂಡು ಹೇಳಿದವನು ಜಾತಿ ತಂದವನಾದ. ಅವನು ಯಾವ ಬಸ್ಸು ಹತ್ತಿದ, ಹೇಗೆ ಯಮಕನಮರಡಿ ದಾಟಿ ಹುಕ್ಕೇರಿ ಮುಟ್ಟಿದ ಎಂಬುದು ಅವನಿಗೆ ಆಮೇಲೆ ನೆನಪಿರಲಿಲ್ಲ.

ಮಿರಜದಿಂದ ರಾಯವ್ವ ಬಹಳ ಬಳಲಿ ಮರಳಿದಳು. ಅವಳನ್ನು ನಾಗನೂರಿಗೆ ಕರೆತಂದ ಸಂಜೆ ಕೇರಿಯ ಹೆಂಗಸರು ಅಂಗಳದಲ್ಲಿ ಸೇರಿದರು. ಸಾಹೇಬರ ಮಾತನ್ನು ಕೇದಾರಿ ಹೇಳಬಾರದು ಅಂದುಕೊಂಡಿದ್ದ, ಆದರೆ ಅಲ್ಲವ್ವ ಕೆದಕಿ ಕೆದಕಿ ಹೇಳಿಸಿದಳು. ಮುಂಬಯಿಯ ಡಾಕ್ಟರರು ಇಲ್ಲಿಗೆ ಬರುವುದಿಲ್ಲ, ಏಕೆಂದರೆ ಇಲ್ಲಿನ ಲೆಕ್ಕ ಸೊನ್ನೆ ಎಂದ. ಗೋಡೆಗೆ ಒರಗಿದ್ದ ರಾಯವ್ವ ಬಾಯಿಬಿಟ್ಟಳು. ಮಾತು ಅರ್ಧಂಬರ್ಧ ಹೊರಬರುತ್ತಿತ್ತು.

"ಸೊನ್ನಿ ಅಂದ್ರ ನಾವು ಇಲ್ಲ ಅಂತೇನ ತಮ್ಮಾ?"

ಅವಳು ಅಲ್ಲವ್ವನ ಕಡೆ ತಿರುಗಿ, ಸಂತೆಯ ದಿನ ಎಲ್ಲರೂ ದವಾಖಾನೆಗೆ ಹೋಗೋಣ ಎಂದಳು. ಹೋಗಿ ಏನು ಮಾಡುವುದು ಎಂದು ಯಾರೋ ಕೇಳಿದರು. ಒಳಗೆ ಹೋಗಿ ಕುಳಿತು ಬಾಯಿ ತೆರೆಯುವುದು, ಅಷ್ಟೇ, ಎಂದಳು ರಾಯವ್ವ. ಗಿಡದ ಕೆಳಗೆ ಯಾರೂ ನಿಲ್ಲಬಾರದು.

ಕೇದಾರಿಗೆ ತನ್ನ ನೌಕರಿಯ ನೆನಪಾಯಿತು ಎನ್ನುವುದು ಸುಳ್ಳಲ್ಲ. ಒಂದು ರಾತ್ರಿ ಅದರ ಜೊತೆ ಹೊಡೆದಾಡಿ, ಬೆಳಗಾಗುವಷ್ಟರಲ್ಲಿ ರಜೆ ಹಾಕಿದ. ಅಸ್ಪೃಶ್ಯತೆ ಅಪರಾಧವೆಂದು ಕಾಯ್ದೆಯಾಗಿ ಐದು ವರ್ಷವಾಗಿತ್ತು. ಆ ಕಾಯ್ದೆಯನ್ನು ಮೂಡಲಗಿಯ ಠಾಣೆಗೆ ಹೋಗಿ ಜಮಾದಾರನಿಗೆ ನೆನಪು ಮಾಡಿಕೊಟ್ಟು ಬಂದ.

ಸಂತೆಯ ದಿನ ಬಸರಿಗಿಡದ ನೆರಳು ಖಾಲಿ ಇತ್ತು. ನಾಗನೂರಿನಿಂದ ಬಂದ ಹೆಂಗಸರು, ದಾರಿಯ ಹಳ್ಳಿಗಳಲ್ಲಿ ಅವರ ಜೊತೆ ಕೂಡಿಕೊಂಡವರು, ಮೆಟ್ಟಿಲು ಹತ್ತಿ ಒಳಗೆ ಹೋದರು. ಬೆಂಚಿನಲ್ಲಿ ಜಾಗ ಇದ್ದಷ್ಟು ಬೆಂಚಿನಲ್ಲಿ, ಉಳಿದವರು ನೆಲದ ಮೇಲೆ ಕುಳಿತರು. ರಾಯವ್ವನನ್ನು ಇಬ್ಬರು ಹಿಡಿದುಕೊಂಡು ಬಂದಿದ್ದರು. ಕೇದಾರಿ ಹೇಳಿಕಳಿಸಿದ್ದರಿಂದ ಶಿವಗಂಗವ್ವನೂ ಹುಕ್ಕೇರಿಯಿಂದ ಬಂದಿದ್ದಳು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತಿದ್ದಳು.

ಗುರುಲಿಂಗಪ್ಪ ಗಾಬರಿಯಾಗಿ, "ನಿಮ್ಮ ದವಾಖಾನಿ ಬಿಟ್ಟು ನನ್ನ ಪೇಶೆಂಟ್ ನೋಡಾಕ ಬಂದೀರೇನ್ರಿ?" ಎಂದು ಕೇಳಿದರು.

"ನಾ ನೋಡಾಕ ಬಂದಿಲ್ಲರಿ," ಎಂದಳು ಅವಳು. "ನೀವು ನೋಡೂದನ್ನ ನೋಡಾಕ ಬಂದೇನಿ."

ಕಂಪೌಂಡರು ಓಡಿಹೋಗಿ ದವಾಖಾನೆಯ ಕಮಿಟಿಯ ಪರಪ್ಪನನ್ನು ಕರೆತಂದ. ಪರಪ್ಪ ಪೇಟೆಯ ದೊಡ್ಡ ಕಿರಾಣಿ ವರ್ತಕ. ಇವರು ಹೀಗೆ ಒಳಗೆ ಕುಳಿತರೆ ನಮ್ಮ ಮನೆಗಳ ಹೆಂಗಸರು ಇಲ್ಲಿಗೆ ಕಾಲಿಡುವುದಿಲ್ಲ, ದವಾಖಾನೆಗೆ ಬೀಗ ಹಾಕಬೇಕಾಗುತ್ತದೆ ಎಂದು ಗುಡುಗಿದ. ಜಮಾದಾರ ಬಾಗಿಲಲ್ಲಿ ನಿಂತು ಮೀಸೆ ತಿರುವುತ್ತಿದ್ದ, ಯಾರ ಪರವೂ ಮಾತಾಡಲಿಲ್ಲ. ಆಗ ಶಿವಗಂಗವ್ವ ಎದ್ದಳು. ಅವಳಿಗೆ ಕೂಗಿ ಅಭ್ಯಾಸವಿರಲಿಲ್ಲ.

"ಪರಪ್ಪಕಾಕಾ, ನಿಮ್ಮ ಕೊರಳಾಗ ಲಿಂಗ ಐತಿ, ನನ್ನ ಕೊರಳಾಗೂ ಐತಿ. ಇದನ್ನ ಕಟ್ಟಿದ ಶರಣರು ಯಾರ್ಯಾರ ಜೋಡಿ ಕುಂತು ಉಂಡ್ರು ಅನ್ನೂದು ನಿಮಗ ಗೊತ್ತಿಲ್ಲೇನು? ಬಸವ ಜಯಂತಿ ದಿನ ಮೆರವಣಿಗಿ ಮುಂದ ನೀವ ಇರತೀರಿ. ಇಲ್ಲಿ ಒಂದ ಬಾಯಿ ನೋಡಾಕ ನಿಮಗ ಮೈಲಿಗಿ?"

ಪರಪ್ಪ ಏನೋ ಹೇಳಹೊರಟ. ಅಷ್ಟರಲ್ಲಿ ಬೆಂಚಿನ ತುದಿಯಲ್ಲಿ ಮೊದಲಿನಿಂದಲೂ ಕುಳಿತಿದ್ದ ಮುದುಕಿ ಕೆಂಚವ್ವ ಕೆಮ್ಮಿದಳು. ಅವಳು ಪರಪ್ಪನ ಸೋದರತ್ತೆ, ಮೊಣಕಾಲು ನೋವಿಗೆ ವಾರವಾರ ಬರುವವಳು. ಕೇರಿಯ ಹೆಂಗಸರು ಬಂದಾಗ ಊರಿನವರೆಲ್ಲ ಎದ್ದು ಹೋದರೂ ಅವಳು ಮಾತ್ರ ಎದ್ದಿರಲಿಲ್ಲ, ಮೊಣಕಾಲಿನ ದೆಸೆಯಿಂದಲೋ ಬೇರೆ ಕಾರಣದಿಂದಲೋ ಯಾರಿಗೆ ಗೊತ್ತು.

"ಗುರುಲಿಂಗ," ಎಂದಳು, "ನಾನೂ ಸಣ್ಣಾಕಿ ಇದ್ದಾಗಿಂದ ಮಿಶ್ರಿ ತಿಕ್ಕಾಕಿ. ನನ್ನ ಬಾಯಿನೂ ನೀ ಎಂದೂ ನೋಡಿಲ್ಲ. ನಾಡಿ ಹಿಡದು ಕಳಸತಿ. ಇವರದು ನೋಡು, ಆಮ್ಯಾಲ ನನ್ನದೂ ನೋಡು. ನಾ ಕುಂತಿರತೇನಿ."

ಅತ್ತೆಯನ್ನು ಎಬ್ಬಿಸಿ ಒಯ್ಯುವ ಧೈರ್ಯ ಪರಪ್ಪನಿಗಿರಲಿಲ್ಲ. ಹೊರಗೆ ನಡೆದ.

ಗುರುಲಿಂಗಪ್ಪ ಕೈ ತೊಳೆದುಕೊಂಡು ಬಂದರು. ಮೊದಲು ರಾಯವ್ವ. ಈ ಸಲ ದೂರದಿಂದಲ್ಲ, ಗದ್ದ ಹಿಡಿದೇ ನೋಡಬೇಕಾಯಿತು. ಆಮೇಲೆ ಅಲ್ಲವ್ವ, ಆಮೇಲೆ ಒಬ್ಬರಾದ ಮೇಲೆ ಒಬ್ಬರು. ಮಧ್ಯಾಹ್ನದ ಹೊತ್ತಿಗೆ ಅವರ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಅವರು ಹೇಳುತ್ತ ಹೋದದ್ದನ್ನು ಕಂಪೌಂಡರು ಬರೆಯುತ್ತ ಹೋದ. ಕೆಲವರದು ಬರೀ ಸುಟ್ಟ ಹುಣ್ಣು, ಕೆಲವರದು ಬಿಳಿ ಕಲೆ. ಕೆಂಚವ್ವನ ಒಸಡಿನಲ್ಲೂ ಅಂಥ ಕಲೆಯಿತ್ತು, ಮಿಶ್ರಿ ಬಿಡು ಎಂದರು. ಆದರೆ ಕೆಲವರ ಬಾಯಿ ನೋಡಿದಾಗ ಅವರು ತಲೆಯೆತ್ತಿ ಶಿವಗಂಗವ್ವನ ಮುಖ ನೋಡಿದರು, ಅವಳು ಹೌದು ಎಂದು ತಲೆಯಾಡಿಸಿದಳು. ಹಾಗೆ ತಲೆಯಾಡಿಸಿದ್ದು ಒಂದೆರಡು ಸಲವಲ್ಲ. ಕೊನೆಗೆ ಗುರುಲಿಂಗಪ್ಪ ಕುರ್ಚಿಯಲ್ಲಿ ಕುಸಿದು, "ಇಷ್ಟು ಮಂದಿ ಎಲ್ಲಿದ್ರಿ?" ಎಂದರು.

"ನಿಮ್ಮ ಗಿಡದ ಕೆಳಗ ಇದ್ವಿರಿ," ಎಂದಳು ಅಲ್ಲವ್ವ.

ರಾಯವ್ವ ಶ್ರಾವಣ ದಾಟಲಿಲ್ಲ. ಕೊನೆಗೊನೆಗೆ ಗಂಜಿಯೂ ಇಳಿಯುತ್ತಿರಲಿಲ್ಲ. ತಮ್ಮ ಹತ್ತಿರ ಕುಳಿತಾಗ ಅವನ ಖಾಕಿ ಟೊಪ್ಪಿಗೆ ಎತ್ತಿಕೊಂಡು ಧೂಳು ಒರೆಸುತ್ತಿದ್ದಳು. ಅಲ್ಲವ್ವ ಮತ್ತು ಇನ್ನಿಬ್ಬರಿಗೆ ಮಿರಜದಲ್ಲಿ ಆಪರೇಶನ್ ಆಯಿತು. ಅಲ್ಲವ್ವನ ನಾಲಗೆಯ ಒಂದು ಬದಿ ಹೋಯಿತು, ಜೀವ ಉಳಿಯಿತು. ಮುಂಬಯಿಯ ತಂಡ ದಸರೆಯ ನಂತರ ಹುಕ್ಕೇರಿಗೇ ಬಂದು, ಹುಕ್ಕೇರಿಯಿಂದಲೇ ಹೋಯಿತು. ಮೊದಲೇ ಗೊತ್ತಾದ ಕಾರ್ಯಕ್ರಮ ಬದಲಿಸಲಾಗುವುದಿಲ್ಲ ಎಂದು ಉತ್ತರ ಬಂದಿತ್ತು. ಗುರುಲಿಂಗಪ್ಪ ತಾವಾಗಿಯೇ ಕೇಳಿಕೊಂಡು ಬೇರೆ ಕಡೆಗೆ ಹೋದರು. ಕೇದಾರಿಯನ್ನು ಜನರನ್ನು ಎತ್ತಿಕಟ್ಟಿದ ಆರೋಪದ ಮೇಲೆ ಕಾರವಾರ ಜಿಲ್ಲೆಯ ಸೂಪಾದ ಕಾಡಿಗೆ ವರ್ಗ ಮಾಡಿದರು. ಅಲ್ಲಿ ಅವನಿಗೆ ಮಲೇರಿಯಾ ಹಿಡಿಯಿತು.

ಮರುವರ್ಷ ಬೇಸಗೆಯಲ್ಲಿ ಅಕ್ಕನ ವರ್ಷದ ಕಾರ್ಯದ ವಿಚಾರ ಮಾತಾಡಲು ಕೇದಾರಿ ನಾಗನೂರಿಗೆ ಬಂದಿದ್ದ. ಹೊಸ ಹೋಲಿಕೆಯ ಪಟ್ಟಿ ಹೊರಬಿದ್ದ ಸುದ್ದಿ ಶಿವಗಂಗವ್ವನಿಂದ ಅವನಿಗೆ ಮೊದಲೇ ಗೊತ್ತಾಗಿತ್ತು. ಮೂಡಲಗಿ ಈಗ ಹುಕ್ಕೇರಿಯನ್ನೂ ಹಿಂದೆ ಹಾಕಿ ಎಲ್ಲಕ್ಕಿಂತ ಮೇಲೆ ಹೋಗಿತ್ತು. ಸೊನ್ನೆಯಿದ್ದ ಸೀಮೆಯಲ್ಲಿ ಒಂದೇ ವರ್ಷದಲ್ಲಿ ರೋಗ ಹೀಗೆ ಭುಗಿಲೆದ್ದದ್ದು ಹೇಗೆ ಎಂದು ದೊಡ್ಡ ಸಾಹೇಬರು ಚಿಂತೆಗೆ ಬಿದ್ದು, ಕೇರಿಗಳ ನೀರಿನಲ್ಲಿ ದೋಷವಿರಬಹುದೆಂದು ಊಹಿಸಿದ್ದರಂತೆ.

ಅವನು ಅಂಗಳದಲ್ಲಿ ಕುಳಿತಿದ್ದಾಗಲೇ ಜೀಪೊಂದು ಬಂದು ಬಾವಿಯ ಹತ್ತಿರ ನಿಂತಿತು. ಇಬ್ಬರು ಯುವಕ ಅಧಿಕಾರಿಗಳು ಇಳಿದರು. ಕೇರಿಯ ಬಾವಿಗೆ ಹಗ್ಗ ಇಳಿಬಿಟ್ಟು, ನೀರು ಸೇದಿಸಿ, ಗಾಜಿನ ಬಾಟಲಿಗಳಲ್ಲಿ ತುಂಬಿ, ಬಾಯಿಗೆ ಅರಗು ಹಾಕಿದರು. ತಾನೂ ಇದೇ ಖಾತೆಯವನು ಎಂದು ಕೇದಾರಿ ಪರಿಚಯ ಹೇಳಿಕೊಂಡ. ಕಳೆದ ವರ್ಷ ಇಲ್ಲಿ ರೋಗ ಹೆಚ್ಚಾಗಲಿಲ್ಲ, ಇದ್ದ ರೋಗವನ್ನು ಮೊದಲ ಬಾರಿ ನೋಡಿದರು, ನೀರನ್ನಲ್ಲ, ಆ ಸೊನ್ನೆಯನ್ನು ಪರೀಕ್ಷೆ ಮಾಡಿ ಎಂದು ಬಿಡಿಸಿ ಬಿಡಿಸಿ ಹೇಳಿದ. ಅವರು ಮರ್ಯಾದೆಯಿಂದ ಕೇಳಿಕೊಂಡರು. ತಮಗೆ ಕೊಟ್ಟ ಆದೇಶ ನೀರಿನದು ಎಂದರು.

ಅಲ್ಲವ್ವ ಮನೆಯೊಳಗಿನಿಂದ ತಾಮ್ರದ ತಂಬಿಗೆಯನ್ನು ಬೆಳಗಿ ತಂದಳು. ಬಿಸಿಲಲ್ಲಿ ಬಂದಿದ್ದೀರಿ, ನೀರು ಕುಡಿಯಿರಿ ಎಂದು ತೊದಲುವ ನಾಲಗೆಯಲ್ಲಿ ಉಪಚಾರ ಮಾಡಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಈಗಷ್ಟೇ ಮೂಡಲಗಿಯಲ್ಲಿ ಚಹಾ ಕುಡಿದು ಬಂದೆವು, ಬೇಡ ತಾಯಿ ಎಂದು ನಕ್ಕು, ಬಾಟಲಿಗಳ ಪೆಟ್ಟಿಗೆಯನ್ನು ಜೀಪಿಗೆ ಏರಿಸತೊಡಗಿದರು. ಇಬ್ಬರ ತುಟಿಗಳೂ ಒಣಗಿ ಬಿಳಿಚಿದ್ದವು.

ಕೇದಾರಿ ಮುಂದೆ ಬಂದು ಜೀಪಿನ ಬಾಗಿಲಿಗೆ ಅಡ್ಡ ನಿಂತ. ಅಲ್ಲವ್ವನ ಕೈಯಿಂದ ತಂಬಿಗೆ ತೆಗೆದುಕೊಂಡು ಅವರ ಎದುರಿಗೆ ಹಿಡಿದ.

"ಬಾಟ್ಲಿ ಒಳಗ ಒಯ್ಯೂದು ಆಮ್ಯಾಲ ಆಗಲಿ," ಎಂದ. "ಮೊದಲ ಕುಡೀರಿ. ನೀವು ಕುಡ್ಯೂತನಕ ನಾ ಇಲ್ಲಿಂದ ಸರಿಯಾಂವಲ್ಲ."

ಡ್ರೈವರ್ ಇಂಜಿನ್ ಚಾಲೂ ಮಾಡಿದ. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಜೀಪಿನ ಸುತ್ತ ನಿಂತರು. ಕೇದಾರಿ ಚಾಚಿದ ತಂಬಿಗೆಯನ್ನು ಕೆಳಗಿಳಿಸಲಿಲ್ಲ. ಕೊನೆಗೆ ಇಬ್ಬರಲ್ಲಿ ಸಣ್ಣವನು ಇನ್ನೊಬ್ಬನ ಮುಖ ನೋಡದೆ ಕೈ ಮುಂದೆ ಮಾಡಿ, ತಂಬಿಗೆ ತೆಗೆದುಕೊಂಡು, ಒಂದೇ ಉಸಿರಿಗೆ ಅರ್ಧ ಮಾಡಿದ. ದೊಡ್ಡವನು ಆಗಲೇ ಆಚೆ ಬದಿಯಿಂದ ಜೀಪು ಹತ್ತಿ ಕುಳಿತು ಇನ್ನೊಂದು ಕಡೆ ನೋಡುತ್ತಿದ್ದ.